ಸೆರೆಬ್ರಲ್ ಪಾಲ್ಸಿ: ವಯಸ್ಸು ಮತ್ತು ನಡಿಗೆ
ಸೆರೆಬ್ರಲ್ ಪಾಲ್ಸಿ ಎಂದರೆ ಬೆಳೆಯುತ್ತಿರುವ ಮಿದುಳಿಗೆ ಆದ ಹಾನಿಯಿಂದ ಚಲನೆ, ಭಂಗಿಗಳಲ್ಲಿ ಬದುಕಿಡೀ ಉಳಿಯುವ ತೊಂದರೆ. ಮಿದುಳಿನ ಹಾನಿ ಹೆಚ್ಚುವುದಿಲ್ಲ. ದೇಹ ಮಾತ್ರ ಬೇಗ ಸವೆಯುತ್ತದೆ. ಬಿಗಿದ ಸ್ನಾಯುಗಳೊಂದಿಗೆ ವರ್ಷಗಟ್ಟಲೆ ನಡೆದವರಲ್ಲಿ ಅನೇಕರಿಗೆ 30–40ರ ಪ್ರಾಯದಲ್ಲೇ ಸೊಂಟ, ಮಂಡಿ ನೋವು, ವಿಪರೀತ ಆಯಾಸ ಕಾಡುತ್ತವೆ. ಕಂಬಿ ಹಿಡಿದು ಸಲೀಸಾಗಿ ಹತ್ತುತ್ತಿದ್ದ ಬಸ್ಸಿನ ಮೆಟ್ಟಿಲು ಒಂದು ದಿನ ಎತ್ತರವೆನಿಸುತ್ತದೆ. ಕತ್ತು ತಾನಾಗಿ ತಿರುಚಿಕೊಳ್ಳುವವರಲ್ಲಿ ಕುತ್ತಿಗೆಯ ಮೂಳೆ ಸವೆದು ಬೆನ್ನುಹುರಿ ಒತ್ತಿಹೋಗಬಹುದು. ಕೈಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ‘ವಯಸ್ಸಾಯಿತು’ ಎಂದು ಸುಮ್ಮನಿರದೆ ಕೂಡಲೇ ತಪಾಸಣೆ ಮಾಡಿಸಬೇಕು. ವ್ಯಾಯಾಮ, ಬಿಗಿತ ಸಡಿಲಿಸುವ ಬ್ಯಾಕ್ಲೋಫೆನ್, ಬೊಟುಲಿನಮ್ ಚುಚ್ಚುಮದ್ದು ನೆರವಾಗುತ್ತವೆ. ದೂರದ ಓಡಾಟಕ್ಕೆ ಗಾಲಿಕುರ್ಚಿ ಬಳಸಿದರೆ ಮನೆಯೊಳಗಿನ ನಡಿಗೆಗೆ ಶಕ್ತಿ ಉಳಿಯುತ್ತದೆ. ಇದನ್ನು ಸೋಲೆಂದು ಕಾಣುವುದು ತಪ್ಪು. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ವೈಕಲ್ಯಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಸೇರಿದೆ.