ಸಂಕೇತ 93: ಅಭಿವೃದ್ಧಿ ಅಧ್ಯಯನದಲ್ಲಿ ಸ್ತ್ರೀವಾದಿ ಮಾದರಿಯನ್ನು ಗುರುತಿಸುವ ಬಗೆ

ಸಾಮಾಜಿಕ ಅಭಿವೃದ್ಧಿಯ ಕುರಿತ ನಮ್ಮ ಸಂಶೋಧನಾ ಬರಹಗಳಲ್ಲಿ ಹೆಂಗಸರಿಗೆ ಸಂಬಂಧಿಸಿದ ಯಾವ ಚರ್ಚೆ ಬಂದರೂ ಅದಕ್ಕೆ ‘ಸ್ತ್ರೀವಾದಿ ದೃಷ್ಟಿಕೋನ’ ಎಂಬ ಹೆಸರು ಕೊಡುವ ರೂಢಿಯಿದೆ. ಹೊಲಿಗೆ ಯಂತ್ರದ ವಿತರಣೆಯೂ ಜಮೀನಿನ ಹಕ್ಕಿನ ಹೋರಾಟವೂ ಒಂದೇ ಅಧ್ಯಾಯದಲ್ಲಿ ಕೂತಿರುತ್ತವೆ. ಇವೆರಡನ್ನು ಬೇರ್ಪಡಿಸಲು ಒಂದು ಒರೆಗಲ್ಲು ಬೇಕು. ಅಧ್ಯಯನವೊಂದರ ಪ್ರಶ್ನಾವಳಿಯೇ ಆ ಒರೆಗಲ್ಲು ಎಂಬುದು ಈ ಟಿಪ್ಪಣಿಯ ವಾದ. ಅದು ಯಾವುದನ್ನು ಕೆಲಸವೆಂದು ಎಣಿಸುತ್ತದೆ, ಯಾರನ್ನು ಕೇಳಿ ಎಣಿಸುತ್ತದೆ ಎಂಬುದನ್ನು ನೋಡಿದರೆ ಅದರ ಮಾದರಿ ತಿಳಿದುಬಿಡುತ್ತದೆ.

‘ಮಾದರಿ’ ಎಂಬುದನ್ನು ಇಲ್ಲಿ ಥಾಮಸ್ ಕೂನ್ 1962ರ ತಮ್ಮ ಗ್ರಂಥದಲ್ಲಿ ಬಳಸಿದ ಅರ್ಥಕ್ಕೆ ಹತ್ತಿರವಾಗಿ ಬಳಸಿದ್ದೇನೆ. ವಿದ್ವತ್ ಸಮುದಾಯವೊಂದು ಯಾವುದನ್ನು ಪ್ರಶ್ನೆಯೆಂದು ಒಪ್ಪುತ್ತದೆ, ಯಾವುದನ್ನು ಉತ್ತರವೆಂದು ಸ್ವೀಕರಿಸುತ್ತದೆ ಎಂಬುದನ್ನು ನಿರ್ಧರಿಸುವ ಚೌಕಟ್ಟು ಅದು. ಅದರೊಳಗೆ ಹೊಂದದ ಸಂಗತಿಗಳು ರಾಶಿ ಬಿದ್ದಾಗ ಬಿಕ್ಕಟ್ಟು ಹುಟ್ಟುತ್ತದೆ. ಸಮಾಜವಿಜ್ಞಾನದಲ್ಲಿ ಹಳೆಯ ಮಾದರಿ ಪೂರ್ತಿ ಮರೆಯಾಗುವುದಿಲ್ಲ, ಹೊಸದರ ಜೊತೆಗೇ ಬಾಳುತ್ತದೆ. ಆದರೂ ಬಿಕ್ಕಟ್ಟನ್ನು ಗುರುತಿಸುವ ಕೂನರ ವಿಧಾನ ನಮಗೆ ಉಪಯುಕ್ತ.

ಭಾರತದಲ್ಲಿ ಆ ಬಿಕ್ಕಟ್ಟು ಜನಗಣತಿಯ ಕೋಷ್ಟಕಗಳಲ್ಲೇ ಕಾಣಿಸಿಕೊಂಡಿತು. 1961ರ ಗಣತಿಯಲ್ಲಿ ಹಂಗಾಮಿನ ಬಹುಪಾಲು ದಿನಕ್ಕೊಂದು ತಾಸಿಗಿಂತ ಹೆಚ್ಚು ಹೊತ್ತು ಕ್ರಮವಾಗಿ ದುಡಿದವಳೂ ಕೆಲಸಗಾರ್ತಿ. 1971ರಲ್ಲಿ ಪ್ರಶ್ನೆ ಬದಲಾಯಿತು: ನಿಮ್ಮ ಮುಖ್ಯ ಉದ್ಯೋಗವೇನು? ಹೊಲದಲ್ಲಿ ಕಳೆ ಕಿತ್ತು, ಕೊಟ್ಟಿಗೆ ಬಳಿದು, ಅಡುಗೆಯನ್ನೂ ಮಾಡುವ ಹೆಣ್ಣಿನ ಮುಖ್ಯ ಉದ್ಯೋಗ ‘ಮನೆಗೆಲಸ’ ಎಂದು ಬರೆದುಕೊಂಡರೆ ಅವಳು ಕೆಲಸಗಾರರ ಸಾಲಿನಿಂದ ಹೊರಗೆ. ಹತ್ತು ವರ್ಷಗಳಲ್ಲಿ ದೇಶದ ದುಡಿಯುವ ಹೆಂಗಸರ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕಿಳಿದಂತೆ ಕಂಡಿತು. ಹೊಲದಲ್ಲಿ ಅಷ್ಟು ಮಂದಿ ಕೆಲಸ ಬಿಟ್ಟಿರಲಿಲ್ಲ. ಕುಸಿತದ ದೊಡ್ಡ ಪಾಲು ವ್ಯಾಖ್ಯೆಯದು. ಫುಲರೇಣು ಗುಹಾ ಅಧ್ಯಕ್ಷತೆಯ ಮಹಿಳಾ ಸ್ಥಾನಮಾನ ಸಮಿತಿಯ 1974ರ ವರದಿ ಹೆಂಗಸರ ದುಡಿಮೆ ಮತ್ತು ಲಿಂಗಾನುಪಾತಗಳ ಇಳಿಕೆಯನ್ನು ದೇಶದ ಮುಂದಿಟ್ಟ ಮೇಲೆ ಈ ಅಂಕಿಗಳನ್ನು ಕಡೆಗಣಿಸುವುದು ಯಾರಿಗೂ ಸಾಧ್ಯವಾಗಲಿಲ್ಲ.

ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಅವರು ಮಾಲಿನಿ ಚಂದ್ ಜೊತೆ 1976-77ರಲ್ಲಿ ನಡೆಸಿದ ಅಧ್ಯಯನ ಮುಖ್ಯವಾಗುವುದು ಈ ಹಿನ್ನೆಲೆಯಲ್ಲಿ. ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಆರು ಹಳ್ಳಿಗಳಲ್ಲಿ, ಮನೆಮಂದಿ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ನೋಡಿ ಬರೆದುಕೊಂಡರು. ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಮನೆಗೆಲಸದವರಿಗೆ ಎರಡು ಸಂಕೇತಗಳಿವೆ. ಬರೀ ಮನೆಗೆಲಸವಾದರೆ 92. ಮನೆಗೆಲಸದ ಜೊತೆಗೆ ಮನೆಯ ಬಳಕೆಗೆಂದು ಸೌದೆ, ಸೊಪ್ಪು, ಗೆಡ್ಡೆ, ಮೇವು ತರುವುದು, ಹೊಲಿಗೆ, ನೇಯ್ಗೆ ಇದ್ದರೆ 93. ಎರಡೂ ಶ್ರಮಶಕ್ತಿಯ ಆಚೆಗೇ. 93 ಎಂದು ನಮೂದಾಗುವ ಹೆಂಗಸರಲ್ಲಿ ಹಲವರು ದಿನದ ಬಹುಹೊತ್ತು ಉತ್ಪಾದಕ ದುಡಿಮೆಯಲ್ಲೇ ಇರುತ್ತಾರೆಂದು ಈ ಅಧ್ಯಯನ ತೋರಿಸಿತು. 1977-78ರ 32ನೇ ಸುತ್ತಿನಿಂದ ಸಮೀಕ್ಷೆಯೂ ಇಂಥವರಿಗೆ ಮರುಪ್ರಶ್ನೆಗಳನ್ನು ಕೇಳತೊಡಗಿತು. ನನ್ನ ದೃಷ್ಟಿಯಲ್ಲಿ ಸಂಕೇತ 93 ಕೂನ್ ಹೇಳುವ ಹೊಂದದ ಸಂಗತಿಗೆ ಬಹಳ ಒಳ್ಳೆಯ ಉದಾಹರಣೆ. ಹಳೆಯ ಮಾದರಿ ದುಡಿಮೆಯನ್ನು ಕಂಡಿತ್ತು, ಸೌದೆ, ಸೊಪ್ಪು, ಮೇವು ಎಂದು ಪಟ್ಟಿಯನ್ನೂ ಮಾಡಿತ್ತು, ಆದರೆ ಅದನ್ನು ದುಡಿಮೆಯೆಂದು ಕರೆಯಲು ಅದರ ಬಳಿ ಜಾಗವಿರಲಿಲ್ಲ.

ಹೆಂಗಸರು ಮತ್ತು ಅಭಿವೃದ್ಧಿಯ ಕುರಿತ ಚಿಂತನೆಯಲ್ಲಿ ಪಠ್ಯಪುಸ್ತಕಗಳು ಗುರುತಿಸುವ ಮೂರು ಹಂತಗಳನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡಬಹುದು. ಎಸ್ಟರ್ ಬೋಸರಪ್ 1970ರಲ್ಲಿ, ವಸಾಹತು ಆಡಳಿತ ಹೊಸ ಬೇಸಾಯವನ್ನು ಗಂಡಸರಿಗಷ್ಟೇ ಕಲಿಸಿದ್ದರಿಂದ ಆಫ್ರಿಕಾದ ರೈತ ಹೆಂಗಸರು ಹಿಂದೆಬಿದ್ದರೆಂದು ತೋರಿಸಿದರು. ಅದರಿಂದ ಹುಟ್ಟಿದ ‘ಅಭಿವೃದ್ಧಿಯಲ್ಲಿ ಮಹಿಳೆ’ ಎಂಬ ಧೋರಣೆ ಅಳತೆಗೋಲನ್ನು ಹಾಗೇ ಇಟ್ಟುಕೊಂಡು ಹೆಂಗಸರನ್ನು ಅದರೊಳಕ್ಕೆ ಸೇರಿಸಲು ಹೊರಟಿತು. ಇದು ಅಗತ್ಯ ಸುಧಾರಣೆ, ಆದರೆ ಮಾದರಿಯ ಪಲ್ಲಟವಲ್ಲ. ಎರಡನೆಯ ಧಾರೆ ಬಂಡವಾಳದ ಕಡೆ ಬೊಟ್ಟು ಮಾಡಿತು. ಆಂಧ್ರದ ನರಸಾಪುರದ ಲೇಸ್ ಹೆಣೆಯುವ ಹೆಂಗಸರ ಬಗ್ಗೆ ಮಾರಿಯಾ ಮೀಸ್ 1982ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಾಕ್ಷಿ: ಅವರು ಹೆಣೆದದ್ದು ವಿದೇಶಕ್ಕೆ ರಫ್ತಾಗುತ್ತಿತ್ತು, ಊರಿನ ಲೆಕ್ಕದಲ್ಲಿ ಮಾತ್ರ ಅವರು ಬಿಡುವಿನಲ್ಲಿ ಕೈಕೆಲಸ ಮಾಡುವ ಗೃಹಿಣಿಯರು. ಮೂರನೆಯದು ಹೆಣ್ಣುಗಂಡಿನ ಸಂಬಂಧವನ್ನೇ ಅಧ್ಯಯನದ ಘಟಕವಾಗಿಸಿತು.

1984ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಸೇರಿದ ದಕ್ಷಿಣ ದೇಶಗಳ ಚಿಂತಕಿಯರ ಸಭೆ ಈ ಹಂತಗಳ ಪಟ್ಟಿಯಲ್ಲಿ ಹಲವೊಮ್ಮೆ ಅಡಿಟಿಪ್ಪಣಿಯಾಗಿ ಉಳಿಯುತ್ತದೆ. ಇದು ಅನ್ಯಾಯ. ಆ ಚಿಂತಕಿಯರ ‘ಡಾನ್’ (DAWN) ಜಾಲ ಹುಟ್ಟಿದ್ದು ಅಲ್ಲಿ. ಮರುವರ್ಷ ಅದರ ವಿಚಾರ ನೈರೋಬಿಯ ಮಹಿಳಾ ಸಮ್ಮೇಳನ ತಲುಪಿತು, 1987ರಲ್ಲಿ ಗೀತಾ ಸೇನ್ ಮತ್ತು ಕ್ಯಾರನ್ ಗ್ರೌನ್ ಅವರ ಪುಸ್ತಕವಾಯಿತು. ಹೆಂಗಸರನ್ನು ಅಭಿವೃದ್ಧಿಯೊಳಗೆ ಸೇರಿಸಿ ಎಂದು ಜಗತ್ತು ಹೇಳುತ್ತಿದ್ದಾಗ, ಯಾವ ಅಭಿವೃದ್ಧಿಯೊಳಗೆ ಎಂದು ಅವರು ಕೇಳಿದರು. ಸಾಲದ ಹೊರೆ, ಆಹಾರ, ಇಂಧನ, ನೀರು, ಯುದ್ಧವೆಚ್ಚ ಎಲ್ಲವನ್ನೂ ಬಡ ಹೆಣ್ಣಿನ ನಿಲುವಿನಿಂದ ಅಳೆಯಬೇಕೆಂದರು. ಮಾದರಿ ಪಲ್ಲಟವಾದದ್ದು ಇಲ್ಲಿ.

ನನ್ನ ಒರೆಗಲ್ಲಿಗೂ ಒಂದು ಮಿತಿಯಿದೆ. ಜಮೀನುಳ್ಳ ಮೇಲ್ಜಾತಿಯ ಮನೆಯವರು ಪ್ರತಿಷ್ಠೆಗೆಂದು ಹೊಲದ ಕೆಲಸ ಬಿಡಿಸಿದ ಸೊಸೆ ಹಿತ್ತಲಿನಿಂದ ಸೊಪ್ಪು ತಂದರೂ 93. ಕೂಲಿ ಸಿಗದ ತಿಂಗಳಲ್ಲಿ ಗೋಮಾಳದಿಂದ ಸೌದೆ ಹೊತ್ತು ತರುವ ದಲಿತ ಹೆಣ್ಣೂ 93. ಎಣಿಕೆಯೊಳಕ್ಕೆ ಬಂದಷ್ಟಕ್ಕೆ ಈ ಇಬ್ಬರ ನಡುವಿನ ಅಂತರ ಕಾಣುವುದಿಲ್ಲ. ಗೋಪಾಲ ಗುರು 1995ರಲ್ಲಿ, ಶರ್ಮಿಳಾ ರೇಗೆ 1998ರಲ್ಲಿ ದಲಿತ ಹೆಣ್ಣಿನ ನಿಲುವಿನ ಬಗ್ಗೆ ಎತ್ತಿದ ಪ್ರಶ್ನೆಗಳು ಅಳತೆಯ ವಿಷಯಕ್ಕೂ ಸಲ್ಲುತ್ತವೆ.

1989ರಲ್ಲಿ ಕರ್ನಾಟಕದಲ್ಲೂ ಆರಂಭವಾದ ಮಹಿಳಾ ಸಮಖ್ಯ ಎಂಬ ಶಿಕ್ಷಣ ಕಾರ್ಯಕ್ರಮ, ಯಾರನ್ನು ಕೇಳಿ ಅಳೆಯಬೇಕೆಂಬ ವಿಷಯದಲ್ಲಿ ಒಂದು ಹೆಜ್ಜೆ ಮುಂದಿಟ್ಟಿತ್ತು. ಅಲ್ಲಿ ಮೇಲಿನಿಂದ ಗುರಿ ಬರುವಂತಿರಲಿಲ್ಲ. ಏನು ಕಲಿಯಬೇಕು, ಯಾವ ವೇಗದಲ್ಲಿ ಎಂಬುದನ್ನು ಸಂಘದ ಹೆಂಗಸರೇ ತೀರ್ಮಾನಿಸಬೇಕೆಂಬುದು ತತ್ತ್ವ. ಉಳಿತಾಯ ಮತ್ತು ಸಾಲ ಮರುಪಾವತಿಯ ಪ್ರಮಾಣವೇ ಯಶಸ್ಸಿನ ಗುರುತಾಗಿರುವ ಸ್ವಸಹಾಯ ಸಂಘಗಳ ಜೊತೆ ಇದನ್ನಿಟ್ಟು ನೋಡಿದರೆ, ಒಂದೇ ಊರಿನ ಹೆಂಗಸರು ಎರಡು ಮಾದರಿಗಳಲ್ಲಿ ಎಷ್ಟು ಬೇರೆಯಾಗಿ ದಾಖಲಾಗುತ್ತಾರೆಂಬುದು ತಿಳಿಯುತ್ತದೆ.

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ನಮಗೆ ದೊಡ್ಡ ಸಾಮಗ್ರಿ ಒದಗಿಸಿದೆ. 6 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ಶೇ. 81.2ರಷ್ಟು ಮಂದಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದರು, ದಿನಕ್ಕೆ ಸರಾಸರಿ 299 ನಿಮಿಷ. ಗಂಡಸರಲ್ಲಿ ಶೇ. 26.1, ತೊಡಗಿದವರ ಸರಾಸರಿ 97 ನಿಮಿಷ. ಬೆಳಗಿನ ಜಾವ 4ರಿಂದ ಮರುದಿನದ 4ರವರೆಗಿನ ಹೊತ್ತನ್ನು ಅರ್ಧ ತಾಸಿನ ತುಂಡುಗಳಾಗಿ ಇಲ್ಲಿ ದಾಖಲಿಸುತ್ತಾರೆ. ಒಂದೇ ಹೊತ್ತಿನಲ್ಲಿ ಹಲವು ಕೆಲಸ ನಡೆದರೆ ಅವುಗಳಲ್ಲಿ ಮುಖ್ಯವಾದದ್ದೊಂದನ್ನು ಗುರುತಿಸುತ್ತಾರೆ. ರೊಟ್ಟಿ ಬಡಿಯುತ್ತಲೇ ಮಗುವನ್ನು ಒಲೆಯ ಹತ್ತಿರ ಬಿಡದೆ ಕಾಯುವ ಹೆಣ್ಣಿನ ಆ ಅರ್ಧ ತಾಸಿನಲ್ಲಿ ಮುಖ್ಯವಾದದ್ದು ಯಾವುದೆಂದು ತೀರ್ಮಾನಿಸುವಾಗ, 1971ರ ಗಣತಿದಾರ ಕೇಳಿದ ಪ್ರಶ್ನೆಯೇ ಬೇರೆ ರೂಪದಲ್ಲಿ ಎದುರಾಗುತ್ತದೆ. ಕರ್ನಾಟಕದ ಗ್ರಾಮೀಣ ಕುಟುಂಬಗಳ ದತ್ತಾಂಶವನ್ನು ಜಾತಿ ಮತ್ತು ಜಮೀನಿನ ಹಿಡುವಳಿಗೆ ಅನುಸಾರವಾಗಿ ವಿಂಗಡಿಸಿ, ಇಂಥ ಕೂಡುಗೆಲಸಗಳನ್ನು ಬಿಡಿಸಿ ಓದುವ ಕೆಲಸ ಆಗಬೇಕಿದೆ.