ಪಿಕಪ್ ಟ್ರಕ್ಕಿನ ಡೀಸೆಲ್ ಎಂಜಿನ್: ಹೋಲಿಕೆಗೆ ಒಂದು ಮಾನದಂಡ

ಅಮೆರಿಕದಲ್ಲಿ ಮುಕ್ಕಾಲು ಟನ್, ಒಂದು ಟನ್ ಎಂಬ ಹೆಸರಿನಿಂದ ನಡೆಯುವ ಭಾರೀ ಪಿಕಪ್ ಟ್ರಕ್ಕನ್ನು ಡೀಸೆಲ್ ಎಂಜಿನ್ನಿನೊಂದಿಗೆ ಕೊಳ್ಳುವವರ ಮುಂದೆ ಇರುವುದು ಮೂರು ಮನೆತನಗಳು. ರ‍್ಯಾಮ್ ಟ್ರಕ್ಕಿನಲ್ಲಿ ಕಮಿನ್ಸ್, ಫೋರ್ಡ್‌ನಲ್ಲಿ ಪವರ್ ಸ್ಟ್ರೋಕ್, ಷೆವರ್ಲೆ ಮತ್ತು ಜಿಎಂಸಿ ಟ್ರಕ್ಕುಗಳಲ್ಲಿ ಡ್ಯೂರಾಮ್ಯಾಕ್ಸ್. ಈ ಮೂರರ ಹೋಲಿಕೆ ಸಾಮಾನ್ಯವಾಗಿ ಎರಡು ಅಂಕಿಗಳಲ್ಲಿ ಮುಗಿದುಹೋಗುತ್ತದೆ: ಗರಿಷ್ಠ ಅಶ್ವಶಕ್ತಿ ಮತ್ತು ಗರಿಷ್ಠ ಟಾರ್ಕ್. 2025ರ ಮಾದರಿಗಳಲ್ಲಿ ಕಮಿನ್ಸ್ 430 ಅಶ್ವಶಕ್ತಿ, 1,458 ನ್ಯೂಟನ್ ಮೀಟರ್; ಡ್ಯೂರಾಮ್ಯಾಕ್ಸ್ 470 ಅಶ್ವಶಕ್ತಿ, 1,322 ನ್ಯೂಟನ್ ಮೀಟರ್; ಫೋರ್ಡಿನ ಹೆಚ್ಚು ಶಕ್ತಿಯ ಆವೃತ್ತಿ 500 ಅಶ್ವಶಕ್ತಿ, 1,627 ನ್ಯೂಟನ್ ಮೀಟರ್. ಈ ಲೆಕ್ಕದಲ್ಲಿ ಫೋರ್ಡ್ ಗೆದ್ದಿತು, ಮಾತು ಮುಗಿಯಿತು. ಆದರೆ ಟ್ರಕ್ಕನ್ನು ಹತ್ತು ಹದಿನೈದು ವರ್ಷ ದುಡಿಸಬೇಕಾದವನಿಗೆ ಇವು ಬಹಳ ಕಡಿಮೆ ಹೇಳುತ್ತವೆ. ಆ ಟಾರ್ಕನ್ನು ಎಂಜಿನ್ ಎಷ್ಟು ಪ್ರಯಾಸಪಟ್ಟು ಹುಟ್ಟಿಸುತ್ತದೆ, ಆ ಪ್ರಯಾಸವನ್ನು ಅದರ ಯಾವ ಅಂಗ ತಡೆದುಕೊಳ್ಳುತ್ತದೆ ಎಂಬುದೇ ನಿಜವಾದ ಪ್ರಶ್ನೆ ಎಂಬುದು ಈ ಲೇಖನದ ವಾದ.

ಪ್ರಯಾಸವನ್ನು ಅಳೆಯಲು ಎಂಜಿನಿಯರರಿಗೆ ಹಳೆಯದೊಂದು ಸಾಧನವಿದೆ: ಸರಾಸರಿ ಪರಿಣಾಮಕಾರಿ ಒತ್ತಡ. ನಾಲ್ಕು ಸ್ಟ್ರೋಕಿನ ಎಂಜಿನ್ನಿನ ಟಾರ್ಕನ್ನು 12.57ರಿಂದ ಗುಣಿಸಿ, ಲೀಟರಿನಲ್ಲಿರುವ ಗಾತ್ರದಿಂದ ಭಾಗಿಸಿದರೆ ಕಿಲೋಪಾಸ್ಕಲ್ ಸಿಗುತ್ತದೆ; ಅದನ್ನು ನೂರರಿಂದ ಭಾಗಿಸಿದರೆ ಬಾರ್. ಪಿಸ್ಟನ್ನಿನ ಮೇಲೆ ಕೆಲಸದ ಸ್ಟ್ರೋಕಿನುದ್ದಕ್ಕೂ ಸರಾಸರಿ ಎಷ್ಟು ಒತ್ತಡ ಕೂತಂತಾಯಿತು ಎಂಬುದನ್ನು ಇದು ಹೇಳುತ್ತದೆ. ದೊಡ್ಡ ಎಂಜಿನ್, ಚಿಕ್ಕ ಎಂಜಿನ್ ಎಂಬ ಭೇದ ಇಲ್ಲಿ ಅಳಿಸಿಹೋಗುವುದರಿಂದ ಬೇರೆ ಬೇರೆ ಕಾಲದ, ಬೇರೆ ಬೇರೆ ಗಾತ್ರದ ಎಂಜಿನ್‌ಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಹುದು.

1989ರಲ್ಲಿ ಡಾಡ್ಜ್ (ಈಗಿನ ರ‍್ಯಾಮ್) ಪಿಕಪ್ಪಿಗೆ ಬಂದ 5.9 ಲೀಟರ್ ಕಮಿನ್ಸ್ ಎಂಜಿನ್ 160 ಅಶ್ವಶಕ್ತಿ, 542 ನ್ಯೂಟನ್ ಮೀಟರ್ ಕೊಡುತ್ತಿತ್ತು. ಲೆಕ್ಕ ಹಾಕಿದರೆ 11.6 ಬಾರ್. 1994ರ ನಡುವಿನಲ್ಲಿ ಬಂದ 7.3 ಲೀಟರ್ ಪವರ್ ಸ್ಟ್ರೋಕ್ 576 ನ್ಯೂಟನ್ ಮೀಟರಿಗೆ ಬರೀ 10 ಬಾರ್. 2001ರ ಮೊದಲ ಡ್ಯೂರಾಮ್ಯಾಕ್ಸ್ 13.4. ಫೋರ್ಡಿನ 6.0 ಲೀಟರ್ ಎಂಜಿನ್ 16.3. ಈಗಿನ ಮೂರಕ್ಕೆ ಬಂದರೆ ಡ್ಯೂರಾಮ್ಯಾಕ್ಸ್ 25.2, ಕಮಿನ್ಸ್ 27.4, ಹೆಚ್ಚು ಶಕ್ತಿಯ ಪವರ್ ಸ್ಟ್ರೋಕ್ 30.7 ಬಾರ್. ಮೂರು ದಶಕಗಳಲ್ಲಿ ಎಂಜಿನ್ನಿನ ಗಾತ್ರ ಹೆಚ್ಚೇನೂ ಬದಲಾಗದೆ ಒಳಗಿನ ಒತ್ತಡ ಸುಮಾರು ಎರಡರಿಂದ ಮೂರು ಪಟ್ಟಾಗಿದೆ. ನಮ್ಮ ಊರುಗಳಲ್ಲಿ ತರಕಾರಿ, ಜಲ್ಲಿ, ಹಿಂಡಿ ಹೊರುವ 2.5 ಲೀಟರಿನ ಬೊಲೆರೊ ಪಿಕಪ್ 200 ನ್ಯೂಟನ್ ಮೀಟರಿಗೆ ಸುಮಾರು 10 ಬಾರ್, 2.2 ಲೀಟರಿನ ಟಾಟಾ ಯೋಧ 250 ನ್ಯೂಟನ್ ಮೀಟರಿಗೆ 14.4 ಬಾರ್. ಅಂದರೆ ಬೊಲೆರೊ ಪಿಕಪ್ಪಿನ ಎಂಜಿನ್ 1994ರ ಅಮೆರಿಕದ ಎಂಜಿನ್ನಿನಷ್ಟೇ ನಿರಾಳವಾಗಿ ದುಡಿಯುತ್ತಿದೆ.

ಈ ಮಾನದಂಡಕ್ಕೆ ತಯಾರಕರ ಕಡೆಯಿಂದಲೇ ಒಂದು ಸಾಕ್ಷಿ ಸಿಗುತ್ತದೆ. ರ‍್ಯಾಮ್ ಅದೇ 6.7 ಲೀಟರ್ ಕಮಿನ್ಸ್ ಎಂಜಿನ್ನನ್ನು ಎರಡು ಬಗೆಯ ಗಾಡಿಗೆ ಹಾಕುತ್ತದೆ. ಪಿಕಪ್ಪಿನಲ್ಲಿ ಅದು 1,458 ನ್ಯೂಟನ್ ಮೀಟರ್. ಹಿಂದೆ ಬಾಡಿ ಕಟ್ಟಿಸಿಕೊಂಡು ಆಂಬುಲೆನ್ಸ್, ಟಿಪ್ಪರ್, ಎಳೆವ ಗಾಡಿಯಾಗಿ ದಿನವಿಡೀ ದುಡಿಯಲೆಂದು ಮಾರುವ ಷಾಸಿಯಲ್ಲಿ ಅದನ್ನು 360 ಅಶ್ವಶಕ್ತಿ, 1,085 ನ್ಯೂಟನ್ ಮೀಟರಿಗೆ ಇಳಿಸಲಾಗಿದೆ. ಅದು 20.4 ಬಾರ್. ಎಂಜಿನ್ ಕಟ್ಟಿದವರಿಗೇ ಬಿಡುವಿಲ್ಲದ ದುಡಿಮೆಗೆ ಎಷ್ಟು ಒತ್ತಡ ಸಲ್ಲುತ್ತದೆ ಎಂಬ ಅಂದಾಜಿದೆ. ಪಿಕಪ್ಪಿನ ಜಾಹೀರಾತಿನ ಅಂಕಿ ಆಗಾಗ ಮಾತ್ರ ಪೂರ್ತಿ ಭಾರ ಎಳೆಯುವವನ ಲೆಕ್ಕದ್ದು. ಕೊಳ್ಳುವವನು ತಾನು ಇವರಲ್ಲಿ ಯಾರು ಎಂದು ಮೊದಲು ನಿರ್ಧರಿಸಿಕೊಳ್ಳಬೇಕು.

ಒತ್ತಡ ಏರಿದಾಗ ಮೊದಲು ಸೋಲುವುದು ಸಿಲಿಂಡರ್ ಹೆಡ್ ಮತ್ತು ಬ್ಲಾಕ್ ಸೇರುವ ಜಾಗ. ಇದರ ಮೊದಲ ದೊಡ್ಡ ಪಾಠ ಕಲಿಸಿದ್ದು ಜನರಲ್ ಮೋಟಾರ್ಸ್‌ನ ಓಲ್ಡ್ಸ್‌ಮೊಬೀಲ್ ವಿಭಾಗದ 5.7 ಲೀಟರ್ ಡೀಸೆಲ್. 1978ರಲ್ಲಿ ಬಂದು 1985ಕ್ಕೆ ನಿಂತುಹೋದ ಈ ಎಂಜಿನ್ ಕಾರುಗಳಲ್ಲಷ್ಟೇ ಅಲ್ಲ, ಷೆವರ್ಲೆಯ ಅರ್ಧ ಟನ್ ಪಿಕಪ್ಪಿನಲ್ಲೂ ಇತ್ತು. ಬ್ಲಾಕನ್ನು ಡೀಸೆಲ್ಲಿಗೆಂದು ಗಟ್ಟಿ ಮಾಡಿದ್ದರು. ಆದರೆ ಕಾರ್ಖಾನೆಯ ಯಂತ್ರೋಪಕರಣ ಬದಲಿಸುವ ಖರ್ಚು ಉಳಿಸಲು ಹೆಡ್ ಬೋಲ್ಟುಗಳ ಸಂಖ್ಯೆ, ಜಾಗಗಳನ್ನು ಪೆಟ್ರೋಲ್ ಎಂಜಿನ್ನಿನಂತೆಯೇ ಬಿಟ್ಟರು. 22.5ಕ್ಕೆ 1ರ ಸಂಪೀಡನದ ಒತ್ತಡವನ್ನು ಆ ಬೋಲ್ಟುಗಳು ತಡೆಯಲಿಲ್ಲ. ಹಿಗ್ಗಿದವು, ಮುರಿದವು, ಗ್ಯಾಸ್ಕೆಟ್ ಒಡೆದು ಕೂಲಂಟ್ ಸಿಲಿಂಡರಿಗೆ ಇಳಿಯಿತು. ಡೀಸೆಲ್‌ನಿಂದ ನೀರು ಬೇರ್ಪಡಿಸುವ ಸಾಧನವನ್ನೂ ಇಡದ ಕಾರಣ ಪಂಪುಗಳು ತುಕ್ಕು ಹಿಡಿದವು. ಸಾಮಾನ್ಯ ಅಮೆರಿಕನ್ನರಿಗೆ ಡೀಸೆಲ್ ಕಾರಿನ ಮೇಲೆ ನಂಬಿಕೆಯೇ ಹೋಗಲು ಈ ಒಂದು ಎಂಜಿನ್ ದೊಡ್ಡ ಕಾರಣವಾಯಿತು.

ಕಮಿನ್ಸ್ 5.9ರ ಹುಟ್ಟು ಇದಕ್ಕೆ ತದ್ವಿರುದ್ಧ. ಕೃಷಿ ಯಂತ್ರಗಳ ಜೆ. ಐ. ಕೇಸ್ ಕಂಪನಿಯೊಂದಿಗೆ ಸೇರಿ ಟ್ರ್ಯಾಕ್ಟರ್, ಲೋಡರ್, ಲಾರಿಗಳಿಗಾಗಿ ಕಟ್ಟಿದ ಎಂಜಿನ್ ಅದು. ಪಿಕಪ್ಪಿಗೆ ಬಂದದ್ದು ಆಮೇಲೆ. ಸಾಲಾಗಿ ಆರು ಸಿಲಿಂಡರ್, 102 ಮಿ.ಮೀ. ಬೋರ್, 120 ಮಿ.ಮೀ. ಸ್ಟ್ರೋಕ್, ಏಳು ಮುಖ್ಯ ಬೇರಿಂಗ್, ಬೆಲ್ಟಾಗಲಿ ಚೈನಾಗಲಿ ಇಲ್ಲದ ಗೇರಿನ ಟೈಮಿಂಗ್. ಹೆಡ್ಡಿಗೆ 26 ಬೋಲ್ಟು, ಅಂದರೆ ಪಕ್ಕದವನ್ನು ಹಂಚಿಕೊಂಡು ಪ್ರತಿ ಸಿಲಿಂಡರಿನ ಸುತ್ತ ಆರು. ಇದೇ ಬಿ ಸರಣಿಯ ಎಂಜಿನ್ನನ್ನು 1993ರಲ್ಲಿ ಸ್ಥಾಪನೆಯಾದ ಟಾಟಾ ಕಮಿನ್ಸ್ ಜಮ್‌ಶೆಡ್‌ಪುರದಲ್ಲಿ ತಯಾರಿಸಿತು. ಶಿರಾಡಿ ಘಾಟಿ ಹತ್ತಿದ ಎಷ್ಟೋ ಟಾಟಾ ಲಾರಿಗಳ ಬಾನೆಟ್ಟಿನಡಿ ದುಡಿದದ್ದು ಅಮೆರಿಕದ ರೈತ ತನ್ನ ಪಿಕಪ್ಪಿನಲ್ಲಿ ಓಡಿಸಿದ ಎಂಜಿನ್ನಿನ ಒಡಹುಟ್ಟೇ. ಸಾಲು ಎಂಜಿನ್ನಿನಲ್ಲಿ ಕ್ರ್ಯಾಂಕಿನ ಒಂದು ಪಿನ್ನಿಗೆ ಒಂದೇ ಕನೆಕ್ಟಿಂಗ್ ರಾಡ್. ವಿ8ರಲ್ಲಿ ಎರಡು ರಾಡುಗಳು ಒಂದೇ ಪಿನ್ ಹಂಚಿಕೊಳ್ಳಬೇಕಾದ್ದರಿಂದ ಬೇರಿಂಗ್ ಕಿರಿದಾಗುತ್ತದೆ. ನಿರಂತರ ಭಾರದ ಕೆಲಸದಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ.

ಕಮಿನ್ಸಿನಲ್ಲೂ ದೋಷಗಳಿದ್ದವು. ಹನ್ನೆರಡು ವಾಲ್ವಿನ ಎಂಜಿನ್ನಿನಲ್ಲಿ ಟೈಮಿಂಗ್ ಕೇಸಿನ ಚಿಕ್ಕ ಡಾವೆಲ್ ಪಿನ್ನೊಂದು ಸಡಿಲಗೊಂಡು ಗೇರುಗಳ ನಡುವೆ ಬೀಳುತ್ತಿತ್ತು. 24 ವಾಲ್ವಿನ ಮೊದಲ ವರ್ಷಗಳಲ್ಲಿ ‘53’ ಎಂಬ ಅಚ್ಚಿನ ಗುರುತಿರುವ ಬ್ಲಾಕುಗಳ ಹೊರಗೋಡೆ ಬಿರುಕು ಬಿಡುತ್ತಿತ್ತು. ಹಳೆಯ ಟ್ರಕ್ ಕೊಳ್ಳುವವರು ಇಂದಿಗೂ ಇವೆರಡನ್ನು ನೋಡಿಯೇ ಬೆಲೆ ಮಾತಾಡಬೇಕು.

ಫೋರ್ಡಿನ ಕಥೆಯಲ್ಲಿ ಪಾಠ ಹೆಚ್ಚು. 1983ರಿಂದ ಅದು ಇಂಟರ್‌ನ್ಯಾಷನಲ್ ಹಾರ್ವೆಸ್ಟರಿನ ಎಂಜಿನ್ ಬಳಸಿತು. ಆ ಕಂಪನಿಯೇ ಮುಂದೆ ನ್ಯಾವಿಸ್ಟಾರ್ ಆಯಿತು. ಅಲ್ಲಿಂದ ಬಂದ 7.3 ಪವರ್ ಸ್ಟ್ರೋಕ್ ದೊಡ್ಡ ಗಾತ್ರದ, ಕಡಿಮೆ ಒತ್ತಡದ, ಲಕ್ಷಾಂತರ ಮೈಲಿ ಬಾಳುವ ಎಂಜಿನ್ ಎಂದು ಹೆಸರಾಯಿತು. ಹೊಗೆಯ ನಿಯಮ ಬಿಗಿಯಾದಾಗ 2003ರಲ್ಲಿ ಅದರ ಜಾಗಕ್ಕೆ 6.0 ಬಂತು. ಗಾತ್ರ 1.3 ಲೀಟರ್ ಕಡಿಮೆ, ಒತ್ತಡ ಮೊದಲ 7.3ರ 10ರಿಂದ 16 ಬಾರಿಗೆ, ಆದರೆ ಪ್ರತಿ ಸಿಲಿಂಡರಿನ ಸುತ್ತ ಬೋಲ್ಟು ನಾಲ್ಕೇ. ಅದರ ಮೇಲೆ ಇನ್ನೊಂದು ಎಡವಟ್ಟು: ಕೂಲಂಟ್ ಮೊದಲು ಆಯಿಲ್ ಕೂಲರಿನ ಸೂಕ್ಷ್ಮ ದಾರಿಗಳನ್ನು ದಾಟಿ, ಬಳಿಕ ಹೊಗೆಯನ್ನು ಮರಳಿಸುವ ಇಜಿಆರ್ ಕೂಲರಿಗೆ ಹೋಗುತ್ತಿತ್ತು. ಎರಕದ ಮರಳು, ಕೆಸರು ಸೇರಿ ಆಯಿಲ್ ಕೂಲರ್ ಕಟ್ಟಿಕೊಂಡರೆ ಇಜಿಆರ್ ಕೂಲರಿಗೆ ಕೂಲಂಟ್ ಸಾಲದೆ ಅದು ಕಾದು ಸೀಳುತ್ತಿತ್ತು. ಕೂಲಂಟ್ ಸಿಲಿಂಡರಿಗೆ ಹೋಗಿ ಆವಿಯಾದಾಗ ಏರುವ ಒತ್ತಡಕ್ಕೆ ಹೆಡ್ ಎದ್ದೇಳುತ್ತಿತ್ತು. ವಾರಂಟಿಯ ಖರ್ಚಿನ ಮೇಲೆ 2007ರಲ್ಲಿ ಫೋರ್ಡ್ ನ್ಯಾವಿಸ್ಟಾರ್ ವಿರುದ್ಧ ದಾವೆ ಹೂಡಿತು, 2009ರಲ್ಲಿ ರಾಜಿಯಾಯಿತು, 2011ರ ಮಾದರಿಗೆ ಫೋರ್ಡ್ ತನ್ನದೇ 6.7 ಎಂಜಿನ್ ತಂದಿತು. ಇದರ ಬ್ಲಾಕ್ ಸಾಮಾನ್ಯ ಬೀಡುಕಬ್ಬಿಣದ್ದಲ್ಲ, ಅದಕ್ಕಿಂತ ಬಹಳ ಗಟ್ಟಿಯಾದ ಸಾಂದ್ರ ಗ್ರಾಫೈಟ್ ಕಬ್ಬಿಣದ್ದು. 30 ಬಾರ್ ಸಾಧ್ಯವಾದದ್ದು ಈ ಲೋಹದಿಂದ. 2019ರಿಂದ ಕಮಿನ್ಸ್ ಬ್ಲಾಕೂ ಅದೇ ಲೋಹಕ್ಕೆ ಬಂದಿದೆ. ಹೆಡ್ಡನ್ನು ಮಾತ್ರ ಅದು ಕಬ್ಬಿಣದಲ್ಲೇ ಉಳಿಸಿಕೊಂಡಿದೆ. ಉಳಿದೆರಡರ ಹೆಡ್ ಅಲ್ಯೂಮಿನಿಯಮ್ಮಿನದು.

ಜನರಲ್ ಮೋಟಾರ್ಸ್ ಹಳೆಯ ಸೋಲಿನ ಬಳಿಕ ಇಸುಜುವಿನೊಂದಿಗೆ ಸೇರಿ ಒಹಾಯೋದ ಮೊರೈನ್‌ನಲ್ಲಿ ಡ್ಯೂರಾಮ್ಯಾಕ್ಸ್ ಕಟ್ಟಿತು. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಅಧಿಕ ಒತ್ತಡದ ಡೀಸೆಲ್ ಹಂಚುವ ಕಾಮನ್ ರೈಲ್ ವ್ಯವಸ್ಥೆಯನ್ನು ಅಮೆರಿಕದ ಪಿಕಪ್ಪಿಗೆ ತಂದ ಮೊದಲ ಎಂಜಿನ್ ಅದೇ. ಆದರೆ ಮೊದಲ ಆವೃತ್ತಿಯಲ್ಲಿ ಇಂಜೆಕ್ಟರುಗಳನ್ನು ವಾಲ್ವ್ ಕವರಿನ ಒಳಗೆ ಕೂರಿಸಿದ್ದರು. ಸೋರಿದರೆ ಡೀಸೆಲ್ ಎಂಜಿನ್ ಆಯಿಲಿಗೆ ಸೇರುತ್ತಿತ್ತು, ಬದಲಿಸಲು ಎಂಜಿನ್ನಿನ ಮೇಲ್ಭಾಗವನ್ನೇ ಬಿಚ್ಚಬೇಕಿತ್ತು. ಕಂಪನಿ ಇಂಜೆಕ್ಟರುಗಳ ವಾರಂಟಿಯನ್ನು ಏಳು ವರ್ಷ ಅಥವಾ 2 ಲಕ್ಷ ಮೈಲಿಗೆ ವಿಸ್ತರಿಸಬೇಕಾಯಿತು. ಮುಂದಿನ ಆವೃತ್ತಿಯಲ್ಲಿ ಅವನ್ನು ಹೊರಗೆ ತಂದರು. ಬಿಚ್ಚಿ ಜೋಡಿಸುವ ಸೌಕರ್ಯವೂ ಎಂಜಿನ್ನಿನ ಗುಣವೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಈಗ ಡೀಸೆಲ್ ಪಂಪಿನ ವಿಷಯ. ನನ್ನ ಮಟ್ಟಿಗೆ ಇಂದಿನ ಎಂಜಿನ್‌ಗಳ ಹೋಲಿಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು, ಕೊಳ್ಳುವವರು ಎಲ್ಲಕ್ಕಿಂತ ಕಡಿಮೆ ಕೇಳುವುದೂ ಇದನ್ನೇ. 1994ರಿಂದ 1998ರವರೆಗಿನ ಕಮಿನ್ಸಿಗೆ ಬಾಷ್ ಕಂಪನಿಯ ಪಿ7100 ಎಂಬ ಸಾಲು ಪಂಪಿತ್ತು. ಬೆಂಗಳೂರಿನ ಆಡುಗೋಡಿಯಲ್ಲಿ ಬಾಷ್‌ನ ಭಾರತೀಯ ಸಂಸ್ಥೆ ದಶಕಗಳ ಕಾಲ ತಯಾರಿಸಿದ, ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಮೈಕೋ ಪಂಪು ಎಂದೇ ಉಳಿದ ಪಂಪುಗಳ ಕುಲದ್ದೇ ಅದು. ಅದರ ಕ್ಯಾಮಿಗೆ ಜಿಡ್ಡು ಸಿಗುತ್ತಿದ್ದದ್ದು ಎಂಜಿನ್ ಆಯಿಲಿನಿಂದ. ಡೀಸೆಲ್ ಹೇಗಿದ್ದರೂ ಕ್ಯಾಮಿಗೆ ಚಿಂತೆಯಿರಲಿಲ್ಲ. 1998ರ ನಡುವಿನಲ್ಲಿ ಬಂದ ವಿಪಿ44 ಪಂಪು ಡೀಸೆಲ್‌ನಿಂದಲೇ ಜಿಡ್ಡು ಮತ್ತು ತಂಪು ಎರಡನ್ನೂ ಪಡೆಯಬೇಕಿತ್ತು. ಟ್ಯಾಂಕಿನಿಂದ ಡೀಸೆಲ್ ತರುವ ಚಿಕ್ಕ ಪಂಪು ಸೋತರೆ ಈ ದುಬಾರಿ ಪಂಪೂ ಸಾಯುತ್ತಿತ್ತು. ಕಾಮನ್ ರೈಲಿನ ಸಿಪಿ3 ಡೀಸೆಲ್‌ನಿಂದಲೇ ಜಿಡ್ಡು ಪಡೆದರೂ ರಚನೆಯಲ್ಲಿ ಗಟ್ಟಿ; 2001ರ ಡ್ಯೂರಾಮ್ಯಾಕ್ಸ್, 2003ರ ಕಮಿನ್ಸ್ ಎರಡರಲ್ಲೂ ಚೆನ್ನಾಗಿ ಬಾಳಿತು.

ಆನಂತರ ಬಂದದ್ದು ಸಿಪಿ4. ಅದರ ಕ್ಯಾಮಿನ ಮೇಲೆ ಉರುಳುವ ರೋಲರ್ ತನ್ನ ಗೂಡಿನಲ್ಲಿ ಅಡ್ಡಕ್ಕೆ ತಿರುಗಿಬಿಟ್ಟರೆ ಉರುಳುವುದು ನಿಂತು ಉಜ್ಜತೊಡಗುತ್ತದೆ. ಉಕ್ಕಿನ ಪುಡಿ ಪಂಪಿನಿಂದ ರೈಲಿಗೆ, ರೈಲಿನಿಂದ ಇಂಜೆಕ್ಟರಿಗೆ, ಮರುಹರಿವಿನಲ್ಲಿ ಟ್ಯಾಂಕಿಗೆ. ಆಮೇಲೆ ಪಂಪು ಬದಲಿಸಿದರೆ ಸಾಲದು, ಇಡೀ ಇಂಧನ ವ್ಯವಸ್ಥೆಯೇ ಹೊಸದಾಗಬೇಕು. ಅಮೆರಿಕದ ಡೀಸೆಲ್ಲೂ ಇದಕ್ಕೆ ಒದಗಿಬಂತು: 2006ರಿಂದ ಗಂಧಕ 15 ಪಿಪಿಎಂಗೆ ಇಳಿದಾಗ ಸಂಸ್ಕರಣೆಯಲ್ಲಿ ಸಹಜ ಜಿಡ್ಡುತನವೂ ಹೋಯಿತು. ಸವೆತದ ಪರೀಕ್ಷೆಯಲ್ಲಿ ಯುರೋಪ್ 460 ಮೈಕ್ರಾನಿಗಿಂತ ಹೆಚ್ಚಿನ ಗುರುತನ್ನು ಒಪ್ಪದು. ಅಮೆರಿಕ 520ರವರೆಗೆ ಒಪ್ಪುತ್ತದೆ. ಫೋರ್ಡ್ 2011ರಿಂದ ಸಿಪಿ4 ಬಳಸಿತು. ಡ್ಯೂರಾಮ್ಯಾಕ್ಸ್ 2011ರಿಂದ 2016ರವರೆಗೆ ಬಳಸಿ, 2017ರಲ್ಲಿ ಡೆನ್ಸೊ ಪಂಪಿಗೆ ಹೋಯಿತು. ರ‍್ಯಾಮ್ 2019ರಲ್ಲಿ ಸಿಪಿ4ಗೆ ಬದಲಾಯಿಸಿ, 2021ರಲ್ಲಿ ಆ ಟ್ರಕ್ಕುಗಳನ್ನು ಹಿಂಕರೆದು ಮತ್ತೆ ಸಿಪಿ3 ಹಾಕಿತು. ಬಳಸಿದ ಟ್ರಕ್ ಕೊಳ್ಳುವವನಿಗೆ ಈ ಇಸವಿಗಳು ಅಶ್ವಶಕ್ತಿಗಿಂತ ಹೆಚ್ಚು ಬೆಲೆಯುಳ್ಳವು.

ಹೊಗೆ ಶುದ್ಧೀಕರಣದ ವಿಷಯದಲ್ಲಿ ಮೂರೂ ಈಗ ಒಂದೇ ದಾರಿಯಲ್ಲಿವೆ: ಮಸಿ ಹಿಡಿಯುವ ಫಿಲ್ಟರ್, ಯೂರಿಯಾ ದ್ರಾವಣ. ಫಿಲ್ಟರಿನ ಮಸಿ ಸುಡಲು ಬಿಸಿ ಹೊಗೆ ಬೇಕು, ಬಿಸಿ ಹೊಗೆಗೆ ಭಾರ ಬೇಕು. ಖಾಲಿ ಪಿಕಪ್ಪಿನಲ್ಲಿ ಅಂಗಡಿಗೆ ಹೋಗಿಬರುವವನ ಫಿಲ್ಟರ್ ಕಟ್ಟಿಕೊಳ್ಳುವುದು ಸಹಜ. 2013ರಿಂದ 2019ರವರೆಗಿನ ಸುಮಾರು 6.3 ಲಕ್ಷ ರ‍್ಯಾಮ್ ಟ್ರಕ್ಕುಗಳ ಎಂಜಿನ್ನಿನಲ್ಲಿ ಹೊಗೆ ನಿಯಂತ್ರಣವನ್ನು ತಪ್ಪಿಸುವ ತಂತ್ರಾಂಶವಿತ್ತೆಂಬ ಸರ್ಕಾರದ ಆರೋಪಕ್ಕೆ ಕಮಿನ್ಸ್, ತಪ್ಪೊಪ್ಪಿಕೊಳ್ಳದೆ, 167.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ಗಾಳಿಯ ಶುದ್ಧತೆ ಎಲ್ಲರ ಸ್ವತ್ತು. ಎಂಜಿನ್ನಿನ ಗಟ್ಟಿತನವನ್ನು ಮೆಚ್ಚುವ ನಾನು ಈ ಸಂಗತಿಯನ್ನು ಬದಿಗಿಟ್ಟು ಅದನ್ನು ಹೊಗಳಲಾರೆ.

ಇಷ್ಟನ್ನು ತೂಗಿದ ಮೇಲೆ ನನ್ನ ತೀರ್ಮಾನ ಹೀಗಿದೆ. ಇಂದಿನ ಹೊಸ ಟ್ರಕ್ಕುಗಳಲ್ಲಿ ಭಾರ ಎಳೆಯುವುದನ್ನೇ ಉದ್ಯೋಗ ಮಾಡಿಕೊಂಡವನಿಗೆ ಕಮಿನ್ಸ್ ಸರಿ: ಉದ್ದ ಸ್ಟ್ರೋಕ್, ಕಬ್ಬಿಣದ ಹೆಡ್, ಎಂಟರ ಬದಲು ಆರು ಇಂಜೆಕ್ಟರ್, ಕೈ ಹಾಕಲು ಜಾಗ. ಕೊಳ್ಳುವುದಾದರೆ ಷಾಸಿಯ ಕಡಿಮೆ ಶಕ್ತಿಯ ಆವೃತ್ತಿಯೇ ಮೇಲು. ವಾರಾಂತ್ಯಕ್ಕೊಮ್ಮೆ ಕುದುರೆ ಟ್ರೇಲರ್ ಎಳೆದು, ಉಳಿದ ದಿನ ಹೆದ್ದಾರಿಯಲ್ಲಿ ಓಡಾಡುವವನಿಗೆ ಮೂರರಲ್ಲಿ ಕಡಿಮೆ ಒತ್ತಡದ, ಪಂಪಿನ ಪಾಠ ಮೊದಲು ಕಲಿತ ಡ್ಯೂರಾಮ್ಯಾಕ್ಸ್ ಸಾಕು. ಫೋರ್ಡ್ ಕೊಳ್ಳುವವನು 1,627ರ ಆವೃತ್ತಿ ಬಿಟ್ಟು 1,424 ನ್ಯೂಟನ್ ಮೀಟರಿನ ಸಾಮಾನ್ಯ ಆವೃತ್ತಿ ಆರಿಸಿದರೆ ಒತ್ತಡ 27 ಬಾರಿಗೆ ಇಳಿಯುತ್ತದೆ. ಭಾರವನ್ನೇ ಎಳೆಯದವನು ಈ ಮೂರನ್ನೂ ಬಿಟ್ಟು ಪೆಟ್ರೋಲ್ ಎಂಜಿನ್ ಕೊಳ್ಳಲಿ.