ಅಂಬಾಸಿಡರ್ ಕಾರಿನ ಇಗ್ನಿಶನ್ ಮತ್ತು ಎಂಜಿನ್ ಕಂಪನ ದೋಷಗಳು

ಹಿಂದೂಸ್ತಾನ್ ಅಂಬಾಸಿಡರ್ ಕಾರನ್ನು ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1958ರಿಂದ 2014ರವರೆಗೆ ತಯಾರಿಸಿತು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯನ್ನು ಆಧರಿಸಿದ ಈ ವಾಹನದ ಹಳೆಯ ಪೆಟ್ರೋಲ್ ಆವೃತ್ತಿಗಳಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದುದು 1489 ಸಿಸಿ ಸಾಮರ್ಥ್ಯದ, ನಾಲ್ಕು ಸಿಲಿಂಡರುಗಳ, ಬಿಎಂಸಿ ಬಿ-ಶ್ರೇಣಿಯ ಎಂಜಿನ್. ಈ ಎಂಜಿನ್ ತಡವರಿಸುವುದು, ಅದುರುವುದು, ನಡುದಾರಿಯಲ್ಲಿ ನಿಂತುಬಿಡುವುದು ಇವುಗಳಿಗೆ ಕಾರಣಗಳನ್ನೂ ಅವುಗಳನ್ನು ಗುರುತಿಸುವ ಕ್ರಮವನ್ನೂ ಈ ಲೇಖನ ವಿವರಿಸುತ್ತದೆ. ಕಿಡಿಯ ದೋಷವೂ ಯಾಂತ್ರಿಕ ದೋಷವೂ ಚಾಲಕನಿಗೆ ಒಂದೇ ಬಗೆಯ ನಡುಕವಾಗಿ ತೋರುತ್ತವೆ. ಇವೆರಡನ್ನು ಬೇರ್ಪಡಿಸದೆ ಎಂಜಿನ್ ಬಿಚ್ಚಿಸಿ ಸಾವಿರಾರು ರೂಪಾಯಿ ಕಳೆದುಕೊಳ್ಳುವುದು ಹಳೆಯ ಕಾರುಗಳ ವಿಷಯದಲ್ಲಿ ಅಪರೂಪವಲ್ಲ.

ಕಿಡಿ ಹುಟ್ಟುವ ಬಗೆ

ಈ ಕಾರಿನಲ್ಲಿರುವುದು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಸುಮಾರು 1910ರ ಹೊತ್ತಿಗೆ ಬಳಕೆಗೆ ತಂದ ಬ್ಯಾಟರಿ-ಕಾಯಿಲ್ ಪದ್ಧತಿ. ಬ್ಯಾಟರಿಯ 12 ವೋಲ್ಟ್ ವಿದ್ಯುತ್ತು ಕಾಯಿಲಿನ ದಪ್ಪ ತಂತಿಯ ಸುರುಳಿಯಲ್ಲಿ ಹರಿದು, ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳ ಮೂಲಕ ಬಾಡಿಗೆ ಸೇರುತ್ತದೆ. ಪಾಯಿಂಟುಗಳು ತೆರೆದುಕೊಂಡ ಕ್ಷಣದಲ್ಲಿ ಈ ಹರಿವು ಕಡಿದು, ಕಾಯಿಲಿನ ಕಾಂತಕ್ಷೇತ್ರ ಕುಸಿದು, ತೆಳುತಂತಿಯ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ರೋಟರ್ ಅದನ್ನು 1-3-4-2 ಎಂಬ ಸರದಿಯಲ್ಲಿ ನಾಲ್ಕು ಪ್ಲಗ್ಗುಗಳಿಗೆ ಹಂಚುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪಾಯಿಂಟುಗಳು ಸೆಕೆಂಡಿಗೆ 100 ಸಲ ತೆರೆದು ಮುಚ್ಚುತ್ತವೆ. ಇಷ್ಟು ದುಡಿಯುವ ಭಾಗ ಸವೆಯುವುದು ಸಹಜ.

ಕಂಡೆನ್ಸರಿನ ಕೆಲಸವನ್ನು ಅನೇಕರು ಕಡೆಗಣಿಸುತ್ತಾರೆ. ಬೆರಳ ತುದಿಯಷ್ಟಿರುವ, ಸುಮಾರು 0.2 ಮೈಕ್ರೊಫ್ಯಾರಡ್ ಸಾಮರ್ಥ್ಯದ ಈ ಡಬ್ಬಿ, ಪಾಯಿಂಟುಗಳು ತೆರೆಯುವಾಗ ಅವುಗಳ ನಡುವೆ ಹಾರಲು ಹವಣಿಸುವ ವಿದ್ಯುತ್ತನ್ನು ತಾನು ಹೀರಿಕೊಳ್ಳುತ್ತದೆ. ಅದು ಕೆಟ್ಟರೆ ಪಾಯಿಂಟುಗಳ ಮುಖ ಸುಟ್ಟು ಕಪ್ಪಾಗುತ್ತದೆ, ಪ್ಲಗ್ಗಿನ ಕಿಡಿ ಸೊರಗುತ್ತದೆ. ಹೊಸ ಪಾಯಿಂಟು ಹಾಕಿದ ಕೆಲವೇ ದಿನಗಳಲ್ಲಿ ಮತ್ತೆ ಸುಟ್ಟಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕಂಡೆನ್ಸರನ್ನು.

ಮೊದಲ ವಿಂಗಡಣೆ

ಬಾನೆಟ್ ತೆರೆಯುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಬೇಕು: ಅದುರುವಿಕೆ ಎಂಜಿನ್ನಿನ ವೇಗವನ್ನು ಅನುಸರಿಸುತ್ತದೆಯೇ, ಗಾಡಿಯ ವೇಗವನ್ನೇ? ಗಾಡಿ ನಿಂತಿರುವಾಗ, ಗೇರು ನ್ಯೂಟ್ರಲಿನಲ್ಲಿರುವಾಗಲೇ ನಡುಕವಿದ್ದರೆ ಅದು ಎಂಜಿನ್ನಿನದು ಅಥವಾ ಅದನ್ನು ಹೊತ್ತಿರುವ ರಬ್ಬರ್ ಮೌಂಟಿಂಗುಗಳದು. ನಿಂತಾಗ ನಯವಾಗಿದ್ದು ಓಟದಲ್ಲಿ ಮಾತ್ರ ಅದುರಿದರೆ ಚಕ್ರ, ಪ್ರೊಪೆಲ್ಲರ್ ಶಾಫ್ಟ್, ಅದರ ಯೂನಿವರ್ಸಲ್ ಜಾಯಿಂಟುಗಳ ಕಡೆ ಗಮನ ಹೋಗಬೇಕು. ಅಂಬಾಸಿಡರಿನ ನಾಲ್ಕನೆಯ ಗೇರು ನೇರ ಗೇರು. ಅದರಲ್ಲಿ ಶಾಫ್ಟೂ ಎಂಜಿನ್ನೂ ಒಂದೇ ವೇಗದಲ್ಲಿ ತಿರುಗುವುದರಿಂದ ಎರಡರ ಅದುರುವಿಕೆಯೂ ಬೆರೆತುಹೋಗುತ್ತದೆ. ಅದೇ ವೇಗದಲ್ಲಿ ಮೂರನೆಯ ಗೇರಿಗೆ ಇಳಿಸಿ ನೋಡಬೇಕು. ನಡುಕ ಹಾಗೆಯೇ ಉಳಿದರೆ ದೋಷ ಶಾಫ್ಟಿನ ಅಥವಾ ಚಕ್ರಗಳ ಕಡೆ. ಅದರ ಲಯ ಬದಲಾದರೆ ಎಂಜಿನ್ನಿನ ಕಡೆ.

ನಾಲ್ಕು ಸಿಲಿಂಡರುಗಳು ಒಂದೇ ಸಾಲಿನಲ್ಲಿರುವ ಯಾವ ಎಂಜಿನ್ನೂ ಸಂಪೂರ್ಣ ನಿಶ್ಚಲವಲ್ಲ. ಕ್ರ್ಯಾಂಕ್ ಒಂದು ಸುತ್ತು ಬರುವಾಗ ಎರಡು ಸಲ ಮೇಲೆ-ಕೆಳಗೆ ತುಯ್ಯುವ ಸೂಕ್ಷ್ಮ ಕಂಪನ ಅದರ ವಿನ್ಯಾಸದಲ್ಲೇ ಇದೆ. ಇದನ್ನು ಶಮನಗೊಳಿಸಲು ಬ್ರಿಟಿಷ್ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಸಮತೋಲನದ ಶಾಫ್ಟುಗಳನ್ನು ರೂಪಿಸಿದರು, ಬಿ-ಶ್ರೇಣಿಯಲ್ಲಿ ಅವಿಲ್ಲ. ಇದನ್ನು ರೋಗವೆಂದು ಭಾವಿಸಬಾರದು. ಒಂದು ಸಿಲಿಂಡರ್ ಕೆಲಸ ಮಾಡದಿರುವಾಗಿನ ನಡುಕ ಬೇರೆ ಜಾತಿಯದು. ಕ್ರ್ಯಾಂಕಿನ ಎರಡು ಸುತ್ತಿಗೊಮ್ಮೆ ಬರುವ ಕುಲುಕಾಟ ಅದು. ನಿಮಿಷಕ್ಕೆ 700 ಸುತ್ತಿನ ಐಡ್ಲಿಂಗಿನಲ್ಲಿ ಸೆಕೆಂಡಿಗೆ ಸುಮಾರು ಆರು ಸಲ ಬಂದು ಇಡೀ ಬಾಡಿಯನ್ನು ಅಲುಗಾಡಿಸುತ್ತದೆ. ಮೆಕ್ಯಾನಿಕ್ಕುಗಳ ಮಾತಿನಲ್ಲಿ ಇದೇ 'ಮಿಸ್ಸಿಂಗ್'.

ದೋಷವಿರುವ ಸಿಲಿಂಡರನ್ನು ಹುಡುಕುವುದು

ಎಂಜಿನ್ ಐಡ್ಲಿಂಗಿನಲ್ಲಿರುವಾಗ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಳಚಿ ತುದಿಯನ್ನು ಬಾಡಿಗೆ ತಾಗಿಸಿ ಹಿಡಿಯಬೇಕು. ಕೆಲಸ ಮಾಡುತ್ತಿರುವ ಸಿಲಿಂಡರಿನ ವೈರ್ ತೆಗೆದೊಡನೆ ಎಂಜಿನ್ ಇನ್ನಷ್ಟು ತಡವರಿಸುತ್ತದೆ. ತೆಗೆದರೂ ವ್ಯತ್ಯಾಸ ಕಾಣದಿದ್ದರೆ ಅದೇ ಮಲಗಿರುವ ಸಿಲಿಂಡರ್. ವೈರನ್ನು ಬರಿಗೈಯಲ್ಲಿ ಮುಟ್ಟದೆ ವಿದ್ಯುನ್ನಿರೋಧಕ ಇಕ್ಕಳವನ್ನೇ ಬಳಸಬೇಕು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಈ ಕೆಲಸಕ್ಕೆ ಕೈಹಾಕಬಾರದು. ತೆರೆದ ಫ್ಯಾನು ಮುಂದೆಯೇ ತಿರುಗುತ್ತಿರುವುದರಿಂದ ಹೆಗಲ ಮೇಲಿನ ಟವೆಲು, ಸೆರಗು, ಲುಂಗಿಯ ತುದಿ ಇವೆಲ್ಲ ಅಪಾಯಕಾರಿ.

ಬಳಿಕ ಆ ಪ್ಲಗ್ಗನ್ನು ಪಕ್ಕದ ಸಿಲಿಂಡರಿನದರೊಂದಿಗೆ ಅದಲುಬದಲು ಮಾಡಬೇಕು. ದೋಷ ಪ್ಲಗ್ಗಿನೊಂದಿಗೆ ಹೋದರೆ ಪ್ಲಗ್ಗೇ ಕಾರಣ. ಹೋಗದಿದ್ದರೆ ವೈರು, ಕ್ಯಾಪು, ಕೊನೆಗೆ ಕಂಪ್ರೆಶನ್. ಒಮ್ಮೆಗೆ ಒಂದನ್ನೇ ಬದಲಿಸಬೇಕು. ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ಗಾಡಿ ಸರಿಹೋದರೂ ಕಾರಣ ಗೊತ್ತಾಗುವುದಿಲ್ಲ. ಕಳಚಿದ ಪ್ಲಗ್ಗಿನ ಬಣ್ಣವೂ ಓದಲು ಯೋಗ್ಯವಾದದ್ದು: ತಿಳಿಕಂದು ಆರೋಗ್ಯ, ಒಣ ಮಸಿ ಪೆಟ್ರೋಲಿನ ಅತಿರೇಕ, ಎಣ್ಣೆಯ ಜಿಡ್ಡು ಪಿಸ್ಟನ್ ರಿಂಗು ಅಥವಾ ವಾಲ್ವ್ ಗೈಡಿನ ಸವೆತ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒಟ್ಟಿಗೇ ಕಂಪ್ರೆಶನ್ ಕಡಿಮೆಯಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ ಒಡೆದಿರುವ ಸಂಭವ ಹೆಚ್ಚು.

ಪಾಯಿಂಟು ಮತ್ತು ಟೈಮಿಂಗ್

ಪಾಯಿಂಟುಗಳು ಪೂರ್ತಿ ತೆರೆದಾಗ ಅವುಗಳ ಅಂತರ 0.014ರಿಂದ 0.016 ಇಂಚು, ಎಂದರೆ ಸುಮಾರು 0.35ರಿಂದ 0.40 ಮಿಲಿಮೀಟರ್ ಇರಬೇಕು. ಫೀಲರ್ ಗೇಜಿನಿಂದ ಇದನ್ನು ಹೊಂದಿಸಿದ ಮೇಲೆಯೇ ಟೈಮಿಂಗ್ ಹೊಂದಿಸಬೇಕು. ಅಂತರ ಹೆಚ್ಚಿದರೆ ಪಾಯಿಂಟು ಬೇಗ ತೆರೆದು ಕಿಡಿ ಮುಂಚಿತವಾಗುತ್ತದೆ, ಕಡಿಮೆಯಾದರೆ ತಡವಾಗುತ್ತದೆ. ಆದ್ದರಿಂದ ಟೈಮಿಂಗ್ ಮೊದಲು ಮಾಡಿ ಪಾಯಿಂಟನ್ನು ಆಮೇಲೆ ಮುಟ್ಟಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಎಷ್ಟು ಸಲ ಹೊಂದಿಸಿದರೂ ಅಂತರ ನಿಲ್ಲದಿದ್ದರೆ ಡಿಸ್ಟ್ರಿಬ್ಯೂಟರ್ ಶಾಫ್ಟನ್ನು ಬೆರಳಿನಿಂದ ಅಡ್ಡಡ್ಡ ಅಲುಗಿಸಿ ನೋಡಬೇಕು. ಬುಷ್ ಸವೆದು ಶಾಫ್ಟ್ ಓಲಾಡುತ್ತಿದ್ದರೆ ಒಂದೊಂದು ಸಿಲಿಂಡರಿಗೆ ಒಂದೊಂದು ಹೊತ್ತಿಗೆ ಕಿಡಿ ಬರುತ್ತದೆ. ಆಗ ಬುಷ್ ಬದಲಿಸದೆ ಬೇರೆ ದಾರಿಯಿಲ್ಲ.

ಬಿಟ್ಟುಬಿಟ್ಟು ಬರುವ ದೋಷಗಳು

ಅತಿ ಹೆಚ್ಚು ಕಾಡುವವು ಇವೇ. ಅರ್ಧ ಗಂಟೆ ಚೆನ್ನಾಗಿ ಓಡಿ ನಿಂತು, ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುವ ಕಾರಿನಲ್ಲಿ ಕಾಯಿಲ್ ಅಥವಾ ಕಂಡೆನ್ಸರ್ ಬಿಸಿಗೆ ಸೋಲುತ್ತಿರಬಹುದು. ಬ್ಯಾಲಾಸ್ಟ್ ಇಲ್ಲದ 12 ವೋಲ್ಟ್ ಕಾಯಿಲಿನ ಮೊದಲ ಸುರುಳಿಯ ರೋಧ ಸುಮಾರು 3 ಓಂ. ಅದನ್ನು ತಣ್ಣಗಿರುವಾಗಲ್ಲ, ದೋಷ ಕಾಣಿಸಿಕೊಂಡ ಬಿಸಿಯಲ್ಲಿಯೇ ಅಳೆಯಬೇಕು. ಆದರೆ ಬಿಸಿಗೆ ಪೆಟ್ರೋಲ್ ಆವಿಯಾಗಿ ಪೈಪಿನಲ್ಲಿ ತಡೆಯೊಡ್ಡಿದಾಗಲೂ ಹೀಗೆಯೇ ಆಗುತ್ತದೆ. ಸ್ವಿಚ್ ಒತ್ತಿದಂತೆ ಥಟ್ಟನೆ ನಿಂತರೆ ವಿದ್ಯುತ್ತು, ಮುಗ್ಗರಿಸುತ್ತ ನಿಧಾನವಾಗಿ ನಿಂತರೆ ಪೆಟ್ರೋಲು ಎಂಬ ಅಂದಾಜು ಬಹುಪಾಲು ನಿಜವಾದರೂ, ನಿಂತ ಕೂಡಲೇ ಪ್ಲಗ್ಗಿನಲ್ಲಿ ಕಿಡಿ ಇದೆಯೇ ಎಂದು ನೋಡುವುದೇ ಖಚಿತ ಪರೀಕ್ಷೆ. ಪೆಟ್ರೋಲ್ ಸೋರಿಕೆಯ ವಾಸನೆಯಿದ್ದರೆ ಈ ಪರೀಕ್ಷೆ ಕೂಡದು.

ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟಿನ ತಟ್ಟೆಯನ್ನು ಬಾಡಿಗೆ ಜೋಡಿಸುವ ಹೆಣೆದ ತಂತಿಯೊಂದಿದೆ. ವ್ಯಾಕ್ಯೂಮ್ ಅಡ್ವಾನ್ಸ್ ತಟ್ಟೆಯನ್ನು ಎಳೆದಾಗಲೆಲ್ಲ ಬಾಗುವ ಈ ತಂತಿ ಎಳೆಎಳೆಯಾಗಿ ತುಂಡಾಗಿ, ಆಕ್ಸಿಲರೇಟರಿನ ಒಂದು ನಿರ್ದಿಷ್ಟ ಸ್ಥಾನದಲ್ಲಿ ಮಾತ್ರ ಕಿಡಿ ತಪ್ಪಿಸಬಲ್ಲದು. ಮಲೆನಾಡಿನ ಮತ್ತು ಕರಾವಳಿಯ ಮುಂಗಾರಿನಲ್ಲಿ ಕ್ಯಾಪಿನೊಳಗೆ ತೇವ ಕೂತು ಬೆಳಗ್ಗೆ ಸ್ಟಾರ್ಟ್ ಆಗದಿರುವುದು ಸಾಮಾನ್ಯ. ಒಣಬಟ್ಟೆಯಿಂದ ಒರೆಸಿದರೆ ಸಾಕು. ಒರೆಸಿದ ಮೇಲೂ ಕ್ಯಾಪಿನಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಉಳಿದಿದ್ದರೆ ಅದು ಬಿರುಕು, ಕಿಡಿ ಸೋರುವ ದಾರಿ. ಕ್ಯಾಪನ್ನು ಬದಲಿಸಬೇಕು.

ಪಾಯಿಂಟುಗಳ ಬದಲಿಗೆ ಎಲೆಕ್ಟ್ರಾನಿಕ್ ಘಟಕ ಅಳವಡಿಸುವವರು ಮೊದಲು ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಎಂದು ನೋಡಬೇಕು. 1960ರ ದಶಕದ ನಡುಭಾಗದವರೆಗಿನ ಅನೇಕ ಬ್ರಿಟಿಷ್ ವಿನ್ಯಾಸಗಳಲ್ಲಿ ಧನ ತುದಿಯೇ ಬಾಡಿಗೆ ಸೇರಿರುತ್ತಿತ್ತು. ತಿರುವುಮುರುವಾಗಿ ಜೋಡಿಸಿದರೆ ಘಟಕ ಒಡನೆಯೇ ಸುಟ್ಟುಹೋಗಬಹುದು. ಸವೆದ ಶಾಫ್ಟಿನ ಓಲಾಟವನ್ನು ಈ ಘಟಕವೂ ಪೂರ್ತಿಯಾಗಿ ಸರಿಪಡಿಸಲಾರದು.